ಸತುವಿಗೆ ಲಂಡನ್ ದರ, ಕೈಗೆ ಯಾರ ದರ?

ಕಲೆ ಮತ್ತು ಉದ್ಯಮ ಓದಲು ದುಬಲಗುಂಡಿಯಿಂದ ಲಂಡನ್ನಿಗೆ ಹೋದವಳೊಬ್ಬಳು ಅಲ್ಲಿ ಕುಳಿತು ಓದಿದ್ದು ಬೀದರಿನ ಬಿದರಿಯನ್ನು

ಬಿದರಿಯ ಒಂದು ಹೂದಾನಿಯಲ್ಲಿ ಮುಖ್ಯವಾಗಿ ಇರುವುದು ಮೂರು: ಸತು, ಬೆಳ್ಳಿ, ಕೈಕೆಲಸ. ಸತುವಿನ ದರವನ್ನು ಇಡೀ ಜಗತ್ತು ನೋಡುವುದು ಲಂಡನ್ ಮೆಟಲ್ ಎಕ್ಸ್‌ಚೇಂಜಿನಲ್ಲಿ. 1877ರಿಂದ ನಡೆದುಬಂದ ಸಂಸ್ಥೆ ಅದು. ಬೆಳ್ಳಿಗೂ ಲಂಡನ್ನಿನಲ್ಲೇ ದಿನಕ್ಕೊಮ್ಮೆ ಮಧ್ಯಾಹ್ನ ಒಂದು ದರ ಪ್ರಕಟವಾಗುತ್ತದೆ. ಹೈದರಾಬಾದಿನ ಸರಾಫನಾಗಲಿ, ಹುಮನಾಬಾದಿನ ಬಜಾರದವನಾಗಲಿ ಬೆಳಿಗ್ಗೆ ಫೋನ್ ತೆಗೆದು ನೋಡುವ ಅಂಕಿಯ ಬೇರು ಅಲ್ಲಿಯವರೆಗೆ ಹೋಗುತ್ತದೆ. ಮೂರನೆಯದಕ್ಕೆ ಅಂಥ ದರಪಟ್ಟಿ ಎಲ್ಲೂ ಇಲ್ಲ. ಬೀದರಿನ ಓಣಿಯಲ್ಲಿ ಉಳಿ ಹಿಡಿದು ಕುಳಿತವರ ದುಡಿಮೆಗೆ ಎಷ್ಟು ಎಂಬುದು ಮಾಲು ಒಯ್ಯಲು ಬಂದವರ ಬಾಯಿಮಾತಿನಲ್ಲಿ ತೀರ್ಮಾನವಾಗುತ್ತದೆ.

ಬೀದರ್ ಜಿಲ್ಲೆಯಲ್ಲೇ ಹುಟ್ಟಿ ಬೆಳೆದರೂ ಈ ಲೆಕ್ಕವನ್ನು ನಾನು ಮೊದಲ ಸಲ ಕಾಗದದ ಮೇಲೆ ಬರೆದದ್ದು ಲಂಡನ್ನಿನ ತರಗತಿಯೊಂದರಲ್ಲಿ. ನನ್ನೂರು ದುಬಲಗುಂಡಿ, ಹುಮನಾಬಾದ್ ತಾಲ್ಲೂಕಿನ ಹೋಬಳಿ. ತೊಗರಿ, ಹೆಸರು, ಉದ್ದು, ಸೋಯಾ ಬೆಳೆಯುವ ನೆಲ. ಕಲಬುರಗಿಯಲ್ಲಿ ದೃಶ್ಯಕಲೆಯ ಪದವಿ ಮುಗಿಸಿದ ಮೇಲೆ ಕಲೆ ಮತ್ತು ಉದ್ಯಮ ಎರಡನ್ನೂ ಸೇರಿಸಿ ಕಲಿಸುವ ಸ್ನಾತಕೋತ್ತರ ಕೋರ್ಸಿಗೆ ಲಂಡನ್ನಿಗೆ ಹೊರಟೆ. ಕಾಕಾ ಕೇಳಿದರು: 'ಚಿತ್ರಾ ಬರಿಯೋದು ಕಲ್ತೀದಿ. ಯಾಪಾರ ಕಲೀಲಾಕ ಅಷ್ಟ ದೂರ ಯಾಕ ಹೋಗಬೇಕು ತಾಯಿ? ಹುಮನಾಬಾದ ಬಜಾರದಾಗ ಒಂದ್ ವರ್ಷ ಕುಂತ್ರ ಬರ್ತದ.'

ಕಾಕಾನ ಪ್ರಶ್ನೆ ನ್ಯಾಯವಾದದ್ದೇ. ಕೊಳ್ಳುವುದು, ಮಾರುವುದು, ಉದ್ರಿ ಕೊಡುವುದು, ವಸೂಲಿ ಮಾಡುವುದು ಬಜಾರದಲ್ಲೇ ಚೆನ್ನಾಗಿ ಕಲಿಯಬಹುದು. ಆದರೆ ಬಜಾರಕ್ಕೆ ಮಾಲು ಬರುವ ಮೊದಲು ಅದನ್ನು ಮಾಡಿದವರ ಪಾಲು ಎಷ್ಟು, ಅದನ್ನು ಹೇಳುವ ಹಕ್ಕು ಯಾರಿಗೆ ಎಂಬುದನ್ನು ಬಜಾರ ಕಲಿಸುವುದಿಲ್ಲ. ಆ ಒಂದು ಪ್ರಶ್ನೆಗಾಗಿಯಾದರೂ ನಮ್ಮ ಕಡೆಯ ಮಕ್ಕಳು ಇಂಥ ಓದಿಗೆ ಹೋಗಬೇಕು, ಹೋಗುವಾಗ ತಮ್ಮೂರಿನ ಕಸುಬನ್ನೇ ವಿಷಯವಾಗಿ ಒಯ್ಯಬೇಕು ಎಂದು ಹೇಳುವುದಕ್ಕೇ ಈ ಲೇಖನ.

ಅಕ್ಕಸಾಲಿಗರು ಕಟ್ಟಿದ ಕಾಲೇಜು

ನಾನು ಓದಿದ್ದು ಲಂಡನ್ನಿನ ಆಗ್ನೇಯ ಭಾಗದ ನ್ಯೂಕ್ರಾಸ್‌ನಲ್ಲಿರುವ ಗೋಲ್ಡ್‌ಸ್ಮಿತ್ಸ್ ಕಾಲೇಜಿನಲ್ಲಿ. ಲಂಡನ್ನಿನ ಅಕ್ಕಸಾಲಿಗರ ಸಂಘ ಹಳೆಯ ನೌಕಾ ಶಾಲೆಯೊಂದರ ಕಟ್ಟಡವನ್ನು ಕೊಂಡು 1891ರಲ್ಲಿ ಇದನ್ನು ತೆರೆಯಿತು. ಸುತ್ತಲಿನ ದುಡಿಯುವ ಜನ ಕಸುಬು ಮತ್ತು ಕಲೆ ಕಲಿಯಲಿ ಎಂಬುದು ಉದ್ದೇಶ. 1904ರಲ್ಲಿ ಅದು ಲಂಡನ್ ವಿಶ್ವವಿದ್ಯಾಲಯಕ್ಕೆ ಸೇರಿತು. ಕಲೆಯಲ್ಲಿ ತರಬೇತಿ ಪಡೆದವರಿಗೆ ಉದ್ಯಮ ಕಟ್ಟುವುದನ್ನು ಕಲಿಸಲು ನಾನು ಓದುವಾಗ ಅಲ್ಲಿ ಪ್ರತ್ಯೇಕ ಕೇಂದ್ರವೇ ಇತ್ತು. ವಿನ್ಯಾಸ, ಸಂಗೀತ, ರಂಗಭೂಮಿ, ಫ್ಯಾಷನ್ ಹೀಗೆ ಬೇರೆ ಬೇರೆ ದಾರಿಯಿಂದ ಬಂದವರು ಒಂದೇ ತರಗತಿಯಲ್ಲಿ ಕೂರುತ್ತಿದ್ದರು.

ಕಾಲೇಜು ಕಟ್ಟಿದ ಈ ಸಂಘದ ಚರಿತ್ರೆ ಓದುತ್ತಿದ್ದಂತೆ ಬೀದರ್ ನೆನಪಾಗುತ್ತಲೇ ಇತ್ತು. ಬೆಳ್ಳಿಯ ಪರಿಶುದ್ಧತೆಗೆ ಗುರುತು ಒತ್ತಬೇಕೆಂಬ ಕಾಯಿದೆ ಇಂಗ್ಲೆಂಡಿನಲ್ಲಿ ಬಂದದ್ದು 1300ರಲ್ಲಿ. 1327ರಲ್ಲಿ ಅಕ್ಕಸಾಲಿಗರ ಸಂಘಕ್ಕೆ ರಾಜನ ಸನ್ನದು ಸಿಕ್ಕಿತು. 1478ರ ಹೊತ್ತಿಗೆ ಲಂಡನ್ನಿನ ಕೆಲಸಗಾರರು ತಾವು ಮಾಡಿದ ವಸ್ತುಗಳನ್ನು ಸಂಘದ ಭವನಕ್ಕೇ ತಂದು ಪರೀಕ್ಷೆ ಮಾಡಿಸಿ ಗುರುತು ಹಾಕಿಸಿಕೊಳ್ಳುವ ವ್ಯವಸ್ಥೆ ನೆಲೆಗೊಂಡಿತು. ಅದೇ ಶತಮಾನದಲ್ಲಿ ಬಹಮನಿ ಸುಲ್ತಾನರ ಬೀದರಿನಲ್ಲಿ ಪರ್ಷಿಯಾದಿಂದ ಬಂದ ಕುಶಲಕರ್ಮಿಗಳ ಕೈ ಸ್ಥಳೀಯರ ಕೈಯೊಂದಿಗೆ ಸೇರಿ ಬಿದರಿ ಬೆಳೆಯಿತೆಂದು ನಮ್ಮಲ್ಲಿ ಹೇಳುತ್ತಾರೆ. ಕುಸುರಿಯಲ್ಲಿ ಎರಡೂ ಊರು ಸಮಸಮ. ಆದರೆ ಅಲ್ಲಿಯ ಕೆಲಸಗಾರರು ಕಸುಬಿನ ಜೊತೆಗೇ ಸಂಘ ಕಟ್ಟಿದರು, ಗುರುತನ್ನು ತಮ್ಮ ಹತೋಟಿಯಲ್ಲಿ ಇಟ್ಟುಕೊಂಡರು, ಕೂಡಿಟ್ಟ ಹಣದಲ್ಲಿ ಕಾಲೇಜನ್ನೂ ಕಟ್ಟಿದರು. ನಮ್ಮ ಬಿದರಿಗೆ ಭೌಗೋಳಿಕ ಸೂಚ್ಯಂಕದ ಮಾನ್ಯತೆ ಸಿಕ್ಕಿದ್ದು 2006ರಲ್ಲಿ. ಈ ಅಂತರವನ್ನು ಅರ್ಥ ಮಾಡಿಕೊಳ್ಳುವುದೇ ಒಂದು ವರ್ಷದ ಓದಿಗೆ ಸಾಕಾಗುವಷ್ಟು ವಿಷಯ.

ಒಂದು ಹಾಳೆ, ನಾಲ್ಕು ಮನೆ

ಕೋರ್ಸಿನಲ್ಲಿ ನಾನು ಕಲಿತ ಅತ್ಯಂತ ಉಪಯುಕ್ತ ಪಾಠಕ್ಕೆ ಬೇಕಾದದ್ದು ದೊಡ್ಡ ಹಾಳೆ ಮತ್ತು ಪೆನ್ನು ಮಾತ್ರ. ಬ್ರಿಟನ್ನಿನ ನೆಸ್ಟಾ ಸಂಸ್ಥೆ ಕಲಾವಿದರಿಗಾಗಿ ರೂಪಿಸಿದ ಪಾಠಗುಚ್ಛದಲ್ಲಿ ಇದೂ ಒಂದು. ಹಾಳೆಯನ್ನು ನಾಲ್ಕು ಮನೆ ಮಾಡಬೇಕು. ಮೊದಲ ಮನೆಯಲ್ಲಿ ಕಲ್ಪನೆ ಯಾರದು, ಎರಡನೆಯದರಲ್ಲಿ ಅದನ್ನು ವಸ್ತುವಾಗಿ ಮಾಡುವವರು ಯಾರು, ಮೂರನೆಯದರಲ್ಲಿ ಜನಕ್ಕೆ ತಲುಪಿಸುವವರು ಯಾರು, ನಾಲ್ಕನೆಯದರಲ್ಲಿ ಕೊಳ್ಳುವವರು ಯಾರು. ಆಮೇಲೆ ಹಣ ಯಾವ ಮನೆಯಿಂದ ಯಾವ ಮನೆಗೆ ಹೋಗುತ್ತದೆ, ಮಾಹಿತಿ ಎಲ್ಲಿ ನಿಲ್ಲುತ್ತದೆ ಎಂದು ಗೆರೆ ಎಳೆಯಬೇಕು.

ನಾನು ಬಿದರಿಯನ್ನು ಬರೆದೆ. ಮೊದಲ ಎರಡು ಮನೆಗಳಲ್ಲಿ ಒಂದೇ ಕುಟುಂಬ ಬಂತು: ನಕ್ಷೆ ಬರೆಯುವವರೂ ಅವರೇ, ಮಾಡುವವರೂ ಅವರೇ. ಮೂರನೆಯ ಮನೆಯಲ್ಲಿ ಅಂಗಡಿ, ಎಂಪೋರಿಯಂ, ದೊಡ್ಡ ಊರಿನ ವ್ಯಾಪಾರಿ. ನಾಲ್ಕನೆಯದರಲ್ಲಿ ಮದುವೆಗೆ ಉಡುಗೊರೆ ಕೊಡುವವರು, ಅತಿಥಿಗಳಿಗೆ ಸ್ಮರಣಿಕೆ ಕೊಡುವ ಕಚೇರಿಗಳು, ಪ್ರವಾಸಿಗರು. ಕೊಂಡವರಿಗೆ ಮಾಡಿದವರ ಹೆಸರು ಗೊತ್ತಿಲ್ಲ, ಮಾಡಿದವರಿಗೆ ಕೊಂಡವರು ಎಷ್ಟು ಕೊಟ್ಟರೆಂಬುದು ಗೊತ್ತಿಲ್ಲ. ಎರಡೂ ಮಾಹಿತಿ ಮೂರನೆಯ ಮನೆಯಲ್ಲಿ ನಿಂತುಬಿಟ್ಟಿದೆ. ಬಡತನಕ್ಕೆ ಕಾರಣ ಕೌಶಲದ ಕೊರತೆ ಅಲ್ಲವೇ ಅಲ್ಲ, ಮಾಹಿತಿ ನಿಂತ ಜಾಗ ಎಂಬುದು ಆ ಹಾಳೆಯನ್ನು ನೋಡಿದ ಯಾರಿಗಾದರೂ ತಿಳಿಯುತ್ತಿತ್ತು.

ಪಕ್ಕದಲ್ಲಿ ಕುಳಿತ ನೈಜೀರಿಯಾದ ಗೆಳೆಯ ತನ್ನ ಹಾಳೆ ತೋರಿಸಿದ. ಅವನು ಬರೆದದ್ದು ಅಬೆಒಕುಟಾ ಊರಿನ ಅದಿರೆ ಎಂಬ ನೀಲಿ ಬಟ್ಟೆಯ ಬಗ್ಗೆ. ಯೊರುಬಾ ಹೆಂಗಸರು ಬಟ್ಟೆ ಕಟ್ಟಿ, ಗಂಜಿ ಹಚ್ಚಿ, ನೀಲಿಯಲ್ಲಿ ಅದ್ದಿ ಮಾಡುವ ಕೆಲಸ ಅದು. ಅದರ ನಕ್ಷೆಯನ್ನೇ ಕಾರ್ಖಾನೆಯಲ್ಲಿ ಅಚ್ಚು ಹಾಕಿದ ಅಗ್ಗದ ಬಟ್ಟೆ ಹೊರದೇಶದಿಂದ ಬಂದು ಅವರ ಮಾರುಕಟ್ಟೆಯನ್ನು ತುಂಬಿದೆ. ನಾವಿಬ್ಬರೂ ಹಾಳೆಗಳನ್ನು ಜೋಡಿಸಿ ಇಟ್ಟೆವು. ಗೆರೆಗಳು ಹೆಚ್ಚುಕಡಿಮೆ ಒಂದೇ ಥರ ಇದ್ದವು. ಹೊರದೇಶದ ಓದಿನಿಂದ ಸಿಗುವ ದೊಡ್ಡ ಲಾಭ ಇದೇ ಎಂದು ನನಗೆ ಅನಿಸಿದೆ. ನಮ್ಮ ಓಣಿಯ ಕಷ್ಟವನ್ನು ಹಣೆಬರಹ ಎಂದುಕೊಂಡವರಿಗೆ, ಅದೇ ಕಷ್ಟ ಇನ್ನೊಂದು ಖಂಡದಲ್ಲೂ ಅದೇ ಕಾರಣಕ್ಕೆ ಇದೆ ಎಂದು ಕಂಡಾಗ, ಹಾಗಾದರೆ ಇದನ್ನು ಸರಿಪಡಿಸಬಹುದು ಎಂಬ ಧೈರ್ಯ ಬರುತ್ತದೆ.

ಹ್ಯಾರಿಸ್ ಟ್ವೀಡ್ ಕಲಿಸಿದ್ದು

ಸರಿಪಡಿಸಿದವರ ಉದಾಹರಣೆಯೂ ಸಿಕ್ಕಿತು. ಸ್ಕಾಟ್ಲೆಂಡಿನ ಪಶ್ಚಿಮಕ್ಕೆ ಔಟರ್ ಹೆಬ್ರಿಡೀಸ್ ಎಂಬ ದ್ವೀಪಗಳಿವೆ. ಅಲ್ಲಿಯ ಜನ ಮನೆಯಲ್ಲೇ ಮಗ್ಗ ಇಟ್ಟುಕೊಂಡು ನೇಯುವ ಉಣ್ಣೆ ಬಟ್ಟೆ ಹ್ಯಾರಿಸ್ ಟ್ವೀಡ್. ಅದಕ್ಕಾಗಿಯೇ ಬ್ರಿಟಿಷ್ ಸಂಸತ್ತು 1993ರಲ್ಲಿ ಒಂದು ಕಾಯಿದೆ ಮಾಡಿದೆ. ಉಣ್ಣೆಗೆ ಬಣ್ಣ ಹಾಕಿದ್ದು, ನೂಲು ತೆಗೆದದ್ದು ಆ ದ್ವೀಪಗಳಲ್ಲೇ ಆಗಿರಬೇಕು, ನೇಯ್ಗೆ ದ್ವೀಪದವರ ಮನೆಯಲ್ಲೇ ಕೈಮಗ್ಗದಲ್ಲಿ ಆಗಿರಬೇಕು. ಹಾಗಿಲ್ಲದ ಬಟ್ಟೆಗೆ ಆ ಹೆಸರು ಹಾಕಿ ಮಾರುವಂತಿಲ್ಲ. ಒಂದು ಪ್ರಾಧಿಕಾರ ಬಟ್ಟೆಯನ್ನು ಪರೀಕ್ಷಿಸಿ ಗೋಳದ ಮುದ್ರೆ ಒತ್ತುತ್ತದೆ. ಹೆಸರು ಕದಿಯುವವರ ಮೇಲೆ ಮೊಕದ್ದಮೆ ಹೂಡುವುದೂ ಅದರದೇ ಕೆಲಸ.

ನಮ್ಮ ಭೌಗೋಳಿಕ ಸೂಚ್ಯಂಕವೂ ಕಾಗದದ ಮೇಲೆ ಇಂಥದೇ ರಕ್ಷಣೆ ಕೊಡುತ್ತದೆ. ಆದರೆ ಮುದ್ರೆ ಒತ್ತುವ ಕೈ, ನಕಲಿ ಹುಡುಕುವ ಕಣ್ಣು, ಕೋರ್ಟಿಗೆ ಹೋಗುವ ಖರ್ಚು, ಈ ಮೂರಕ್ಕೂ ದಿನನಿತ್ಯದ ವ್ಯವಸ್ಥೆ ಇದ್ದರೆ ಮಾತ್ರ ಪ್ರಮಾಣಪತ್ರ ದುಡಿಯುತ್ತದೆ. ಇಲ್ಲದಿದ್ದರೆ ಅದು ಗೋಡೆಯ ಮೇಲೆ ಚೌಕಟ್ಟಿನಲ್ಲಿ ಉಳಿಯುತ್ತದೆ.

ಕಪ್ಪು ಬರುವ ಗಳಿಗೆ

ಲಂಡನ್ನಿನ ಸೌತ್ ಕೆನ್ಸಿಂಗ್ಟನ್‌ನಲ್ಲಿರುವ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂಗೆ ಪ್ರವೇಶ ಉಚಿತ. ಅದರ ಸಂಗ್ರಹದಲ್ಲಿ ಬಿದರಿಯ ಹುಕ್ಕಾ ಬುಡಗಳು, ತಟ್ಟೆಗಳು, ಡಬ್ಬಿಗಳು ಬಹಳ ಇವೆ. ಕೆಲವು 17ನೇ ಶತಮಾನದಷ್ಟು ಹಳೆಯವು. ಆ ಸಂಗ್ರಹದ ಮೇಲೆ ಸೂಸನ್ ಸ್ಟ್ರಾಂಜ್ ಬರೆದ ಪುಸ್ತಕ 1985ರಲ್ಲೇ ಬಂದಿದೆ. ನಮ್ಮ ಕಸುಬಿನ ವಿವರವಾದ ಚರಿತ್ರೆಯನ್ನು ನಾನು ಕೂತು ಓದಿದ್ದು ಅಲ್ಲಿ. ಹೆಮ್ಮೆಯೂ ಆಯಿತು, ಸಂಕಟವೂ ಆಯಿತು. ಇಂಥ ಪುಸ್ತಕ ದುಬಲಗುಂಡಿಯ ಶಾಲೆಯ ಕಪಾಟಿನಲ್ಲಿ ಕನ್ನಡದಲ್ಲಿ ಇರಬೇಕಿತ್ತು.

ಪ್ರಬಂಧಕ್ಕೆ ನಾನು ಆರಿಸಿಕೊಂಡ ವಿಷಯ ಬಿದರಿಯ ಬೆಲೆ. ರಜೆಯಲ್ಲಿ ಬಂದು ಬೀದರಿನ ಕಾರ್ಖಾನೆಯೊಂದರಲ್ಲಿ ಕೂತೆ. ಕಾರ್ಖಾನೆ ಎಂದರೆ ಮನೆಯ ಮುಂದಿನ ಕೋಣೆ, ನೆಲದ ಮೇಲೆ ಗೋಣಿತಟ್ಟು, ಕುಳಿತು ಕೆಲಸ ಮಾಡಲು ಕಲ್ಲು. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಎಂಬುದು ಸಾಮಾನ್ಯವಾಗಿ ಹೇಳುವ ಲೆಕ್ಕ. ಹರಳೆಣ್ಣೆ, ರಾಳ ಬೆರೆಸಿದ ಮಣ್ಣಿನ ಅಚ್ಚಿನಲ್ಲಿ ಅದನ್ನು ಎರಕ ಹೊಯ್ಯುತ್ತಾರೆ. ಅರದಿಂದ ತಿಕ್ಕಿ ನುಣುಪು ಮಾಡುತ್ತಾರೆ. ಮೈಲುತುತ್ತದ ನೀರು ಸವರಿದರೆ ಮೈ ತಾತ್ಕಾಲಿಕವಾಗಿ ಕಪ್ಪಾಗುತ್ತದೆ; ಅದರ ಮೇಲೆ ಚೂಪು ಮೊನೆಯಿಂದ ಹೂಬಳ್ಳಿ ಬರೆಯುತ್ತಾರೆ. ಬರೆದ ಗೆರೆಯ ಗುಂಟ ಉಳಿಯಿಂದ ಕಾಲುವೆ ತೋಡಿ, ಬೆಳ್ಳಿಯ ತಂತಿಯನ್ನೋ ತಗಡಿನ ಎಸಳನ್ನೋ ಇಟ್ಟು ಸುತ್ತಿಗೆಯಿಂದ ಬಡಿದು ಕೂರಿಸುತ್ತಾರೆ. ತಂತಿಯ ಕೆಲಸಕ್ಕೆ ತಾರಕಶಿ ಎನ್ನುತ್ತಾರೆ, ತಗಡಿನದಕ್ಕೆ ತೆಹನಿಶಾನ್. ಮತ್ತೆ ಅರ ಹಾಕಿ ಉಜ್ಜಿದಾಗ ಇಡೀ ವಸ್ತು ಬೂದು ಬಣ್ಣಕ್ಕೆ ಬರುತ್ತದೆ. ಬೆಳ್ಳಿ ಯಾವುದು, ಸತು ಯಾವುದು ಎಂದು ಕಣ್ಣಿಗೆ ತಿಳಿಯುವುದಿಲ್ಲ.

ಕೊನೆಯ ಹಂತವೇ ಬಿದರಿಯನ್ನು ಬಿದರಿ ಮಾಡುವುದು. ಬೀದರ್ ಕೋಟೆಯ ಹಳೆಯ ಗೋಡೆಗಳ ನೆರಳಿನ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕಲಸಿ, ಬಿಸಿ ಮಾಡಿದ ವಸ್ತುವಿಗೆ ಹಚ್ಚಿ ಉಜ್ಜುತ್ತಾರೆ. ಸತುವಿನ ಮೈ ಕಡುಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬಿಳಿಯಾಗಿಯೇ ಉಳಿಯುತ್ತದೆ. ಎಣ್ಣೆ ಸವರಿ ಒರೆಸಿದಾಗ ಹೂಬಳ್ಳಿ ಎದ್ದು ಕಾಣುತ್ತದೆ. ಮಣ್ಣು ಸರಿಯಾಗಿದೆಯೋ ಇಲ್ಲವೋ ಎಂಬುದನ್ನು ಹಿರಿಯ ಕೆಲಸಗಾರರು ನಾಲಿಗೆಯ ಮೇಲೆ ಇಟ್ಟು ರುಚಿ ನೋಡಿ ಹೇಳುತ್ತಾರೆ.

ನಾನು ಚಾಚಾ ಎಂದು ಕರೆಯುತ್ತಿದ್ದ ಹಿರಿಯರೊಬ್ಬರ ಹತ್ತಿರ ಲೆಕ್ಕದ ಪುಸ್ತಕ ಇತ್ತು. ಬೆಳ್ಳಿ ಎಷ್ಟು ಗ್ರಾಂ ಬಂತು, ಎಷ್ಟು ಹೋಯಿತು, ಪುಡಿ ಎಷ್ಟು ಉಳಿಯಿತು ಎಲ್ಲವೂ ಅಚ್ಚುಕಟ್ಟು. ಕೆಲಸದ ತಾಸುಗಳ ಲೆಕ್ಕ ಎಲ್ಲಿ ಎಂದು ಕೇಳಿದೆ. 'ಹಾತ್ ಕಾ ಹಿಸಾಬ್ ಕೌನ್ ರಖತಾ ಬೇಟಾ?' ಎಂದರು. ಕೈಯ ಲೆಕ್ಕ ಯಾರು ಇಡ್ತಾರೆ ಮಗಳೇ ಎಂದು. ಅದನ್ನೇ ಇಡೋಣ ಎಂದು ಶಾಲೆಯ ನೋಟುಬುಕ್ಕಿನಲ್ಲಿ ಗೆರೆ ಹಾಕಿ ಕೊಟ್ಟೆ: ಎರಕ, ಅರ, ಬರಹ, ಕೆತ್ತನೆ, ಬೆಳ್ಳಿ ಕೂರಿಸುವುದು, ಉಜ್ಜುವುದು, ಕಪ್ಪು ತರುವುದು. ನಾನು ಲಂಡನ್ನಿಗೆ ಮರಳಿದ ಮೇಲೆ ಪುಟಗಳ ಫೋಟೊ ವಾಟ್ಸ್‌ಆ್ಯಪಿನಲ್ಲಿ ಬರತೊಡಗಿದವು.

ಆ ಪುಟಗಳಲ್ಲಿ ಕಂಡದ್ದು ಇಷ್ಟು. ನಕ್ಷೆ ಯೋಚಿಸಿದ ಹೊತ್ತಿಗೆ ಯಾರೂ ಹಣ ಕೊಟ್ಟಿರಲಿಲ್ಲ. ಎರಕ ಕೆಟ್ಟು ಮತ್ತೆ ಹೊಯ್ದದ್ದು ಲೆಕ್ಕಕ್ಕೇ ಬಂದಿರಲಿಲ್ಲ. ಮನೆಯ ಹೆಂಗಸರು ಉಜ್ಜಿ ಹೊಳಪು ತಂದ ದುಡಿಮೆ ಮನೆಗೆಲಸದಲ್ಲಿ ಸೇರಿಹೋಗಿತ್ತು. ಬೆಳ್ಳಿ ದರ ಏರಿದಾಗ ಮಾಲಿನ ಒಟ್ಟು ಬೆಲೆ ಹೆಚ್ಚು ಏರಬಾರದೆಂದು ಕಡಿತವಾದದ್ದು ಕೈಯ ಪಾಲು. ಯಾರೂ ದುರುದ್ದೇಶದಿಂದ ಮಾಡಿದ್ದಲ್ಲ. ಬರೆದಿಟ್ಟ ಅಂಕಿಯ ಜೊತೆ ಚೌಕಾಶಿ ಮಾಡಲಾಗುವುದಿಲ್ಲ. ಬರೆಯದೆ ಬಿಟ್ಟದ್ದು ತಾನಾಗಿ ಕರಗುತ್ತದೆ. ಕೆಲವೇ ತಿಂಗಳಲ್ಲಿ ಚಾಚಾ ಆ ನೋಟುಬುಕ್ಕನ್ನು ಮುಂದಿಟ್ಟುಕೊಂಡೇ ಆರ್ಡರ್ ಮಾತಾಡತೊಡಗಿದರು. ನನ್ನ ಪ್ರಬಂಧಕ್ಕೆ ಬಂದ ಅಂಕಗಳಿಗಿಂತ ಆ ಸುದ್ದಿ ನನಗೆ ದೊಡ್ಡದಾಗಿತ್ತು.

ಬಿದರಿಯ ಹಿರಿಯ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ 2023ರಲ್ಲಿ ಪದ್ಮಶ್ರೀ ಬಂದಾಗ ಇಡೀ ಜಿಲ್ಲೆ ಸಂಭ್ರಮಿಸಿತು. ಅಂಥ ಗೌರವ ಒಬ್ಬ ಗುರುವಿನ ಜೀವಮಾನದ ಸಾಧನೆಗೆ ಸಲ್ಲುವುದು. ಅದೇ ಓಣಿಗಳಲ್ಲಿ ಕೂತ ಉಳಿದವರ ಮಕ್ಕಳು ಉಳಿ ಹಿಡಿಯಬೇಕೋ ಬೇಡವೋ ಎಂಬುದನ್ನು ತೀರ್ಮಾನಿಸುವುದು ತಿಂಗಳ ಕೊನೆಯ ದುಡ್ಡು.

ಮಂಗಳೂರಿನಿಂದ ಹೊರಟವರು

ಲಂಡನ್ನಿನಲ್ಲಿ ಓದಿ ಭಾರತದ ಕೈಕಸುಬಿಗೆ ದಾರಿ ತೋರಿಸಿದವರು ನಮ್ಮ ನಾಡಿನಲ್ಲೇ ಒಬ್ಬರಿದ್ದರು. ಕಮಲಾದೇವಿ ಚಟ್ಟೋಪಾಧ್ಯಾಯ ಹುಟ್ಟಿದ್ದು 1903ರಲ್ಲಿ, ಮಂಗಳೂರಿನಲ್ಲಿ. ಬಾಲ್ಯವಿವಾಹ, ಬಾಲ್ಯದಲ್ಲೇ ವೈಧವ್ಯ, ಮುಂದೆ ಕವಿ ಹರೀಂದ್ರನಾಥರೊಂದಿಗೆ ಮರುಮದುವೆ. ಲಂಡನ್ ವಿಶ್ವವಿದ್ಯಾಲಯದ ಬೆಡ್‌ಫರ್ಡ್ ಕಾಲೇಜಿನಲ್ಲಿ ಸಮಾಜಶಾಸ್ತ್ರ ಓದಿದರು. ಗಾಂಧೀಜಿಯವರ ಅಸಹಕಾರ ಚಳವಳಿಯ ಸುದ್ದಿ ಕೇಳಿ 1923ರಲ್ಲಿ ಮರಳಿದರು. 1930ರ ಉಪ್ಪಿನ ಸತ್ಯಾಗ್ರಹದಲ್ಲಿ ಜೈಲು ಸೇರಿದರು. ನಾಟಕ, ಸಿನಿಮಾ, ಚಳವಳಿ ಎಲ್ಲದರಲ್ಲೂ ಅವರಿದ್ದರು.

ಸ್ವಾತಂತ್ರ್ಯ ಬಂದ ಮೇಲೆ ಅಧಿಕಾರದ ಕುರ್ಚಿಯ ಕಡೆ ಹೋಗದೆ ಅವರು ಕುಶಲಕರ್ಮಿಗಳ ಓಣಿಗಳಿಗೆ ಹೋದರು. ಇಂಡಿಯನ್ ಕೋಆಪರೇಟಿವ್ ಯೂನಿಯನ್ ಕಟ್ಟಿದರು. 1952ರಲ್ಲಿ ಅಖಿಲ ಭಾರತ ಕರಕುಶಲ ಮಂಡಳಿಯ ಅಧ್ಯಕ್ಷರಾದರು. ದೆಹಲಿಯ ಕಾಟೇಜ್ ಇಂಡಸ್ಟ್ರೀಸ್ ಎಂಪೋರಿಯಂ ಆಗ ಇದೇ ಯೂನಿಯನ್ನಿನ ಕೈಗೆ ಬಂದು ಬೆಳೆಯಿತು. ಶ್ರೇಷ್ಠ ಕುಶಲಕರ್ಮಿಗಳಿಗೆ ರಾಷ್ಟ್ರಪ್ರಶಸ್ತಿ ಕೊಡುವ ಪದ್ಧತಿಗೆ, ಬೆಂಗಳೂರೂ ಸೇರಿದಂತೆ ಹಲವೆಡೆ ವಿನ್ಯಾಸ ಕೇಂದ್ರಗಳಿಗೆ ದಾರಿಯಾದದ್ದು ಆ ಮಂಡಳಿಯ ಕಾಲದಲ್ಲಿ. 1966ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ಓದಿದ್ದು ಸಮಾಜಶಾಸ್ತ್ರ, ಮಾಡಿದ್ದು ಕಲೆಯ ಉದ್ಯಮ. ಕೆಲಸಗಾರರಿಗೆ ಕರುಣೆ ತೋರಿಸಿದರೆ ಸಾಲದು, ಅವರದೇ ಮಾರುಕಟ್ಟೆ ಬೇಕು ಎಂಬುದನ್ನು ಅವರು ಸಂಸ್ಥೆಗಳ ರೂಪದಲ್ಲಿ ನಿಲ್ಲಿಸಿ ತೋರಿಸಿದರು.

ನಮ್ಮ ಕಲಬುರಗಿಯಲ್ಲೂ ಇಂಥ ಬದುಕು ಇದೆ. 1916ರಲ್ಲಿ ಅಲ್ಲಿ ಹುಟ್ಟಿದ ಎಸ್.ಎಂ. ಪಂಡಿತರು ಮದ್ರಾಸ್, ಮುಂಬೈಗಳಲ್ಲಿ ಕಲಿತು, ಮುಂಬೈಯಲ್ಲೇ ಸ್ವಂತ ಸ್ಟುಡಿಯೊ ನಡೆಸಿದರು. ಅವರ ಕುಂಚದ ಸಿನಿಮಾ ಪೋಸ್ಟರುಗಳು, ಫಿಲ್ಮ್‌ಇಂಡಿಯಾ ಪತ್ರಿಕೆಯ ಮುಖಪುಟಗಳು, ಕ್ಯಾಲೆಂಡರ್ ಚಿತ್ರಗಳು ದೇಶದ ಮನೆಮನೆಯ ಗೋಡೆಗೆ ತಲುಪಿದವು. ಉಡುಪಿ ಕಡೆಯ ಕೆ.ಕೆ. ಹೆಬ್ಬಾರರು 1949ರ ಹೊತ್ತಿಗೆ ಪ್ಯಾರಿಸ್ಸಿಗೆ ಹೋಗಿ ಅಕಾಡೆಮಿ ಜೂಲಿಯಾನಲ್ಲಿ ಕಲಿತರು. ಕಲಿಯಲು ದೂರ ಹೋಗುವುದು ನಮ್ಮ ಕಲಾವಿದರಿಗೆ ಹೊಸದಲ್ಲ.

ಥೇಮ್ಸ್ ದಂಡೆಯಲ್ಲಿ ಕಾಯಕದ ಮಾತು

ಡಿಸೆಂಬರಿನಲ್ಲಿ ಲಂಡನ್ನಿನಲ್ಲಿ ಮಧ್ಯಾಹ್ನ ನಾಲ್ಕಕ್ಕೇ ಕತ್ತಲು. ಊರಿನಲ್ಲಿ ಎಳ್ಳಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿ ಭಜ್ಜಿ, ಸಜ್ಜೆ ರೊಟ್ಟಿ, ಅಂಬಲಿ ಉಣ್ಣುವ ದಿನ ಹಾಸ್ಟೆಲಿನ ಅಡುಗೆಮನೆಯಲ್ಲಿ ಸಿಕ್ಕ ಕಾಳು, ಸೊಪ್ಪು, ಹುಣಸೆಹುಳಿ, ಕಡಲೆಹಿಟ್ಟು ಸೇರಿಸಿ ಭಜ್ಜಿ ಮಾಡಿದೆ. ಸಹಪಾಠಿಗಳು ಚಪ್ಪರಿಸಿ ಉಂಡರು. ಮರುದಿನ ಅವರನ್ನು ಥೇಮ್ಸ್ ದಂಡೆಯ ಆಲ್ಬರ್ಟ್ ಎಂಬಾಂಕ್‌ಮೆಂಟಿಗೆ ಕರೆದೊಯ್ದೆ. ಅಲ್ಲಿ ಬಸವಣ್ಣನವರ ಪ್ರತಿಮೆ ಇದೆ. ಲ್ಯಾಂಬೆತ್‌ನ ಮೇಯರ್ ಆಗಿದ್ದ, ಕಲಬುರಗಿ ಮೂಲದ ನೀರಜ್ ಪಾಟೀಲರ ಪ್ರಯತ್ನದಿಂದ ಸ್ಥಾಪನೆಯಾಗಿ 2015ರ ನವೆಂಬರ್ 14ರಂದು ಪ್ರಧಾನಿ ನರೇಂದ್ರ ಮೋದಿ ಅವರಿಂದ ಅನಾವರಣಗೊಂಡದ್ದು.

ಇವರು ಯಾರು ಎಂದು ಕೇಳಿದರು. ನಮ್ಮ ಊರಿನ ಹತ್ತಿರದ ಕಲ್ಯಾಣದಲ್ಲಿ ಬಿಜ್ಜಳನ ಭಂಡಾರಿಯಾಗಿದ್ದವರು ಎಂದು ಶುರು ಮಾಡಿ, ಹಗ್ಗ ಹೊಸೆಯುವ ನುಲಿಯ ಚಂದಯ್ಯ, ಬುಟ್ಟಿ ಹೆಣೆಯುವ ಮೇದಾರ ಕೇತಯ್ಯ, ಕಾಶ್ಮೀರದ ಅರಸೊತ್ತಿಗೆ ಬಿಟ್ಟು ಬಂದು ಸೌದೆ ಮಾರಿದರೆಂದು ಹೇಳುವ ಮೋಳಿಗೆ ಮಾರಯ್ಯ, ಹೀಗೆ ಒಬ್ಬೊಬ್ಬರನ್ನೂ ಹೇಳಿದೆ. ಆಯ್ದಕ್ಕಿ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಲಕ್ಕಮ್ಮ ಹೆಚ್ಚಿನದನ್ನು ಅಲ್ಲೇ ಸುರಿದು ಬಾ ಎಂದು ಕಳಿಸಿದ ಕಥೆ ಹೇಳಿದಾಗ ತೈವಾನಿನ ಗೆಳತಿ ಅದನ್ನು ಪುಸ್ತಕದಲ್ಲಿ ಬರೆದುಕೊಂಡಳು. ಲಾಭ ಎಷ್ಟು ಹೆಚ್ಚಾಗಬಹುದು ಎಂದು ಲೆಕ್ಕ ಹಾಕುವುದನ್ನು ನಾವು ಎಲ್ಲೆಲ್ಲೂ ಕಲಿಯುತ್ತೇವೆ; ಎಷ್ಟು ಸಾಕು, ಉಳಿದದ್ದು ಯಾರಿಗೆ ಸೇರಬೇಕು ಎಂದು ಕೇಳಿದ ಹೆಣ್ಣುಮಗಳು ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿದ್ದಳು. ಕಾಯಕ ದೊಡ್ಡದು, ದಾಸೋಹ ಅದರ ಜೊತೆಗೇ ಬರಬೇಕು. ಮೂರನೆಯ ಮನೆಯಲ್ಲಿ ನಿಂತುಬಿಡುವ ಹಣದ ಬಗ್ಗೆ ಇದಕ್ಕಿಂತ ನೇರವಾದ ಉತ್ತರ ನನಗೆ ಯಾವ ಪಠ್ಯದಲ್ಲೂ ಸಿಗಲಿಲ್ಲ.

ದುಡ್ಡಿನ ಮಾತು

ಇಂಥ ಓದಿಗೆ ಹೋಗಲು ಬಯಸುವವರು ಖರ್ಚನ್ನು ಮೊದಲೇ ನೇರವಾಗಿ ನೋಡಬೇಕು. ಬ್ರಿಟನ್ನಿನ ಸ್ನಾತಕೋತ್ತರ ಪದವಿ ಸಾಮಾನ್ಯವಾಗಿ ಒಂದು ವರ್ಷದ್ದು. ಹೊರದೇಶದವರಿಗೆ ಶುಲ್ಕವೇ ಹೆಚ್ಚಾಗಿ 20,000 ಪೌಂಡ್ ದಾಟುತ್ತದೆ. ವೀಸಾಕ್ಕೆ ಅರ್ಜಿ ಹಾಕುವಾಗ ಒಂಬತ್ತು ತಿಂಗಳ ಜೀವನ ವೆಚ್ಚದ ಹಣ ಸತತ 28 ದಿನ ಖಾತೆಯಲ್ಲಿ ಇತ್ತೆಂದು ತೋರಿಸಬೇಕು. ಪಾಠ ನಡೆಯುವ ಅವಧಿಯಲ್ಲಿ ವಾರಕ್ಕೆ 20 ತಾಸಿಗಿಂತ ಹೆಚ್ಚು ಕೆಲಸ ಮಾಡುವಂತಿಲ್ಲ. ಆ ದುಡಿಮೆಯಿಂದ ಶುಲ್ಕ ಕಟ್ಟುತ್ತೇನೆ ಎಂದು ಹೊರಟವರು ಕಷ್ಟಕ್ಕೆ ಬೀಳುತ್ತಾರೆ. ಓದು ಮುಗಿದ ಮೇಲೆ ಅಲ್ಲಿ ಇದ್ದು ಕೆಲಸ ಮಾಡಲು 2021ರಿಂದ ಎರಡು ವರ್ಷದ ಅವಕಾಶವಿದೆ. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ ಅದು 18 ತಿಂಗಳಿಗೆ ಇಳಿಯುತ್ತದೆ.

ಸಾಲಕ್ಕೆ ಹೋದಾಗ ಒಂದು ಬ್ಯಾಂಕಿನಲ್ಲಿ ಹೊಲ ಒತ್ತೆಗೆ ಬರುವುದಿಲ್ಲ ಎಂದರು, ಕಲೆ ಓದಿದವರಿಗೆ ಕೆಲಸ ಎಲ್ಲಿದೆ ಎಂದೂ ಕೇಳಿದರು. ಅಪ್ಪ ಹುಮನಾಬಾದಿನ ಪ್ಲಾಟಿನ ಕಾಗದ ಕೊಟ್ಟರು. ಪ್ಲಾಟು ಇಲ್ಲದವರ ಮಕ್ಕಳಿಗೆ ವಿದ್ಯಾರ್ಥಿವೇತನವೇ ಗತಿ. ಪರಿಶಿಷ್ಟ ಜಾತಿ, ಪಂಗಡದ ವಿದ್ಯಾರ್ಥಿಗಳಿಗೆ ರಾಜ್ಯ ಸರ್ಕಾರದ ಪ್ರಬುದ್ಧ ಯೋಜನೆ ಇದೆ. ಕಲೆಯವರಿಗೆ 1976ರಲ್ಲಿ ಆರಂಭವಾದ ಇನ್ಲಾಕ್ಸ್, 1981ರ ಚಾರ್ಲ್ಸ್ ವಾಲೇಸ್ ಟ್ರಸ್ಟ್ ಇವೆ.

ಕೇಂದ್ರ ಸಾಮಾಜಿಕ ನ್ಯಾಯ ಇಲಾಖೆಯ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನದ ಬಗ್ಗೆ ಮಾತ್ರ ಬಿಡಿಸಿ ಹೇಳಬೇಕು. ವರ್ಷಕ್ಕೆ 125 ಸ್ಥಾನಗಳು. ಪರಿಶಿಷ್ಟ ಜಾತಿಗೆ 115, ಅಲೆಮಾರಿ ಸಮುದಾಯಗಳಿಗೆ 6, ಭೂಮಿ ಇಲ್ಲದ ಕೃಷಿ ಕಾರ್ಮಿಕರು ಮತ್ತು ಪಾರಂಪರಿಕ ಕುಶಲಕರ್ಮಿಗಳು ಸೇರಿ 4. ಇಡೀ ದೇಶದ ಕುಶಲಕರ್ಮಿಗಳ ಮಕ್ಕಳಿಗೆ ಪೂರ್ತಿ ನಾಲ್ಕೂ ಇಲ್ಲ. ಅದರ ಮೇಲೆ 2022ರ ಮಾರ್ಗಸೂಚಿಯಲ್ಲಿ ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ ಮತ್ತು ಭಾರತದ ಸಮಾಜ ಅಧ್ಯಯನದ ವಿಷಯಗಳಿಗೆ ಈ ವೇತನ ಅನ್ವಯಿಸುವುದಿಲ್ಲ ಎಂದು ಸೇರಿಸಿದರು. ಬಿದರಿ ಮಾಡುವವರ ಮಗಳು ಕುಶಲಕರ್ಮಿಯ ಮಗಳು ಎಂಬ ಕಾರಣಕ್ಕೆ ಅರ್ಜಿ ಹಾಕಬಹುದು, ಆದರೆ ಬಿದರಿಯ ಪರಂಪರೆಯನ್ನು ಓದುತ್ತೇನೆ ಎನ್ನುವಂತಿಲ್ಲ. ಭಾರತದ ಬಗ್ಗೆ ಓದಲು ಭಾರತವೇ ಸಾಕು ಎಂಬ ವಾದ ಒಂದು ಮಟ್ಟಿಗೆ ಸರಿ ಇರಬಹುದು. ಆದರೆ ಹಳೆಯ ಬಿದರಿಯ ಮುಖ್ಯ ಸಂಗ್ರಹಗಳಲ್ಲಿ ಒಂದು ಇರುವುದು ಲಂಡನ್ನಿನಲ್ಲಿ, ಅದರ ಲೋಹಗಳ ದರ ಹುಟ್ಟುವುದೂ ಲಂಡನ್ನಿನಲ್ಲಿ. ಈ ಷರತ್ತು ಹೋಗಬೇಕು, ಕುಶಲಕರ್ಮಿಗಳ ಸ್ಥಾನಗಳು ಹೆಚ್ಚಬೇಕು. ನಮ್ಮ ಸಂಸದರು ಕೇಳಬೇಕಾದ ಪ್ರಶ್ನೆ ಇದು.

ಜಗತ್ತು ಇಲ್ಲಿಗೆ ಓದಲು ಬಂದಿತ್ತು

ಓದಲು ನಾವು ಹೊರಗೆ ಹೋಗುತ್ತೇವೆ ಎನ್ನುವಾಗ ನಮ್ಮ ನೆಲಕ್ಕೆ ಓದಲು, ಬರೆಯಲು, ಕಲಿಸಲು ಬಂದವರನ್ನೂ ನೆನೆಯಬೇಕು. ಕಾಶ್ಮೀರದ ಬಿಲ್ಹಣ ಕಲ್ಯಾಣಕ್ಕೆ ಬಂದು ಆರನೆಯ ವಿಕ್ರಮಾದಿತ್ಯನ ಆಸ್ಥಾನದಲ್ಲಿ ಕವಿಯಾದ. ದುಬಲಗುಂಡಿಯವರು ಬಸ್ಸಿನಲ್ಲಿ ಹೋಗಿ ಬರಬಹುದಾದ ಜಲಸಂಗಿಯ ದೇಗುಲದ ಗೋಡೆಯಲ್ಲಿ, ಅದೇ ಚಾಲುಕ್ಯರ ಕಾಲದಲ್ಲಿ, ಶಾಸನ ಬರೆಯುತ್ತಿರುವ ಹೆಣ್ಣನ್ನು ಶಿಲ್ಪಿ ಕಡೆದಿದ್ದಾನೆ. 1472ರಲ್ಲಿ ಬೀದರಿನಲ್ಲಿ ಮಹಮೂದ್ ಗವಾನ್ ಕಟ್ಟಿಸಿದ ಮದರಸಾಕ್ಕೆ ಪಶ್ಚಿಮ ಏಷ್ಯಾದಿಂದ ವಿದ್ವಾಂಸರು ಬಂದರು. ಅದರ ಗ್ರಂಥಾಲಯದಲ್ಲಿ ಸುಮಾರು 3,000 ಹಸ್ತಪ್ರತಿಗಳಿದ್ದವೆಂದು ಹೇಳುತ್ತಾರೆ. 1696ರ ಸ್ಫೋಟದಲ್ಲಿ ಮುರಿದುಬಿದ್ದ ಆ ಕಟ್ಟಡದ ಉಳಿದ ಮಿನಾರಿನ ಮೇಲೆ ಇಂದಿಗೂ ಬಣ್ಣದ ಹೆಂಚುಗಳಿವೆ. ಹುಮನಾಬಾದಿನ ಮಾಣಿಕನಗರದಲ್ಲಿ ಮಾಣಿಕಪ್ರಭುಗಳ ಕಾಲದಿಂದ ದತ್ತಜಯಂತಿಯ ದರ್ಬಾರಿಗೆ ದೂರದೂರದ ಗಾಯಕರು ಬಂದು ಹಾಡುತ್ತಾರೆ.

ಈಗ ಜಿಲ್ಲೆಗೆ ತನ್ನದೇ ವಿಶ್ವವಿದ್ಯಾಲಯ ಇದೆ. 2023ರಲ್ಲಿ ಶುರುವಾದ ಬೀದರ್ ವಿಶ್ವವಿದ್ಯಾಲಯದಲ್ಲಿ ಕಸುಬು, ವಿನ್ಯಾಸ ಮತ್ತು ಉದ್ಯಮ ಸೇರಿದ ಸ್ನಾತಕೋತ್ತರ ಕೋರ್ಸು ಬರಬೇಕು. ಅದರಲ್ಲಿ ಎರಕ, ತಾರಕಶಿ, ತೆಹನಿಶಾನ್ ಕಲಿಸುವ ಗುರುಗಳು ಓಣಿಯಿಂದಲೇ ಬರಲಿ. ಪದವಿ ಇಲ್ಲ ಎಂಬ ಕಾರಣಕ್ಕೆ ಅವರನ್ನು ಹೊರಗಿಡಬಾರದು. ಲೆಕ್ಕ, ಕಾನೂನು, ರಫ್ತು, ಭೌಗೋಳಿಕ ಸೂಚ್ಯಂಕದ ಮುದ್ರೆ ಇವನ್ನು ಕಲಿಸಲು ಹೊರಗೆ ಓದಿ ಬಂದ ನಮ್ಮಂಥವರು ಇದ್ದೇವೆ. ಪಾಠ ಕನ್ನಡದಲ್ಲೂ ಉರ್ದುವಿನಲ್ಲೂ ನಡೆಯಲಿ. ಪ್ರತಿ ವಿದ್ಯಾರ್ಥಿ ಒಂದು ಕುಟುಂಬದ ಕೈಯ ಲೆಕ್ಕವನ್ನು ಒಂದು ವರ್ಷ ಬರೆದು ಕೊಡುವುದೇ ಪರೀಕ್ಷೆಯಾಗಲಿ. ಆ ಪುಸ್ತಕಗಳನ್ನು ಒಂದುಗೂಡಿಸಿದರೆ ಬಿದರಿ ಕೆಲಸಗಾರರು ತಮ್ಮದೇ ದರಪಟ್ಟಿ ಪ್ರಕಟಿಸಬಹುದು, ವ್ಯಾಪಾರಿಗಳೊಂದಿಗೆ ಒಟ್ಟಾಗಿ ಕೂತು ಮಾತಾಡಬಹುದು.

ಲಂಡನ್ನಿನ ಅಕ್ಕಸಾಲಿಗರಿಗೆ ಸಂಘದಿಂದ ಕಾಲೇಜಿನವರೆಗೆ ಬರಲು ಐದು ಶತಮಾನಕ್ಕೂ ಹೆಚ್ಚು ಕಾಲ ಬೇಕಾಯಿತು. ನಮಗೆ ಅಷ್ಟು ಕಾಯುವ ಅಗತ್ಯವಿಲ್ಲ. ಗುರುಗಳು ಇದ್ದಾರೆ, ಕಲಿಯಬಯಸುವ ಮಕ್ಕಳು ಬೀದರಿನಲ್ಲೂ ಬಸವಕಲ್ಯಾಣದಲ್ಲೂ ದುಬಲಗುಂಡಿಯಲ್ಲೂ ಇದ್ದಾರೆ. ಮುಂದಿನ ಶೈಕ್ಷಣಿಕ ವರ್ಷಕ್ಕೇ ಈ ಕೋರ್ಸು ಆರಂಭಿಸುವ ತೀರ್ಮಾನವನ್ನು ವಿಶ್ವವಿದ್ಯಾಲಯ ಮಾಡಬೇಕು. ಅದಕ್ಕೆ ಬೇಕಾದ ಹುದ್ದೆಗಳನ್ನು ಸರ್ಕಾರ ಮಂಜೂರು ಮಾಡಬೇಕು.